ಕೊರಕಲಿನ ಜಾಯಿಂಟು

ನಮ್ಮೂರಿನಲ್ಲಿ ನಲ್ಲಿಯ ನೀರು ಸಣ್ಣಗಾದರೆ ಜನ ಮೊದಲು ನೀರು ಸರಬರಾಜು ಕಚೇರಿಗೆ ಬರುವುದಿಲ್ಲ. ಆ ಬೀದಿಯ ಜಾಯಿಂಟು ಹಿಡಿದವರ ಮನೆಗೆ ಹೋಗಿ, ಹೊಸಿಲಾಚೆ ಚಪ್ಪಲಿ ಬಿಟ್ಟು, "ಏನಾಯ್ತ್ರಪ್ಪಾ ನಿಮ್ಮಿಬ್ಬರಿಗೆ?" ಎಂದು ಕೇಳುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಮಾತ್ರ ನನ್ನ ಹತ್ತಿರ ಬರುತ್ತಾರೆ. ನಾನು ಕಚೇರಿಯ ಒತ್ತಡ ಪರೀಕ್ಷಕಿ. ಊರಿನವರ ಬಾಯಲ್ಲಿ ಇಂಜಿನಿಯರಮ್ಮ.

ನಮ್ಮ ಬೆಟ್ಟದ ನೀರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಕಬ್ಬಿಣದ ಪೈಪು ಹಾಕಿದರೆ ಒಂದು ಬೇಸಿಗೆಯೊಳಗೆ ಹುಳಿಹಿಟ್ಟಿನ ದೋಸೆಯಂತೆ ತೂತುತೂತಾಗುತ್ತದೆ. ಹಾಗಾಗಿ ಗಾಜಿನ ನಾರಿಗೆ ರಾಳ ಕುಡಿಸಿ ಮಾಡಿದ ಪೈಪುಗಳೇ ಊರಿಗೆಲ್ಲ. ಇವಕ್ಕೆ ಬೆಸುಗೆ ಹಿಡಿಯುವುದಿಲ್ಲ, ಬೋಲ್ಟು ಹಾಕಿದರೆ ನಾರು ಸೀಳುತ್ತದೆ. ಎರಡು ಪೈಪಿನ ತುದಿ ಕೂಡಿಸಿ, ಮೇಲೊಂದು ಕಾಲರು ತೊಡಿಸಿ, ನಡುವೆ ಅಂಟು ಹಚ್ಚಬೇಕು. ಅಂಟು ಒಣಗುವ ತನಕ ಆ ಕಡೆಯ ಪೈಪನ್ನು ಒಬ್ಬರು, ಈ ಕಡೆಯ ಪೈಪನ್ನು ಇನ್ನೊಬ್ಬರು ಅಲುಗಾಡದಂತೆ ಹಿಡಿದಿರಬೇಕು. ಆಮೇಲೆ ಆ ಇಬ್ಬರು ಹೇಗಿರುತ್ತಾರೋ ಜಾಯಿಂಟೂ ಹಾಗೆಯೇ ಇರುತ್ತದೆ. ಇದು ಹೇಗೆ ಸಾಧ್ಯ ಎಂದು ಹೊರಗಿನಿಂದ ಬಂದ ತಜ್ಞರೊಬ್ಬರು ಬಹಳ ವಾದ ಮಾಡಿದರು. ಅವರಿಗೂ ಅವರ ಸಹಾಯಕರಿಗೂ ಒಂದು ಜಾಯಿಂಟು ಹಿಡಿಯಲು ಕೊಟ್ಟೆವು. ಅವರು ಊರು ಬಿಡುವ ಮೊದಲೇ ಅದು ಸೋರತೊಡಗಿತು. ಸಹಾಯಕರು ಬೇರೆ ಬಸ್ಸಿನಲ್ಲಿ ಹೋದರು.

ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ಜಾತಕ ಇಸಿದುಕೊಂಡು, ಹಿಂದಿರುಗುವಾಗ ಹುಡುಗಿಯ ಅಪ್ಪ ಅಮ್ಮ ಹಿಡಿದ ಜಾಯಿಂಟಿನ ಕೆಳಗಿನ ಮಣ್ಣನ್ನು ಮುಟ್ಟಿ ನೋಡುತ್ತಾರೆ. ಸಂತೆಬೀದಿಯ ಜಾಯಿಂಟು ಹಿಡಿದವರು ಎದುರುಬದುರು ಅಂಗಡಿಯ ಇಬ್ಬರು ಕ್ಷೌರಿಕರು. ಅವರು ಮಂಗಳವಾರದ ರಜೆಯಲ್ಲಿ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಚೌಕಾಬಾರ ಆಡುತ್ತಾರೆ. ನೋಡಿದವರು ನೆಮ್ಮದಿಯಿಂದ ಮನೆಗೆ ಹೋಗಿ ಬಿಂದಿಗೆ ತೊಳೆಯುತ್ತಾರೆ. ಗಂಡ ಹೆಂಡತಿ ಬೇರೆಯಾಗಬೇಕೆಂದರೆ ಮೊದಲು ನಮ್ಮ ಕಚೇರಿಗೆ ಅರ್ಜಿ ಕೊಡಬೇಕು. ಅವರ ಜಾಯಿಂಟು ತೆಗೆದು ಬೇರೆಯವರ ಕೈಯಲ್ಲಿ ಹೊಸದು ಹಾಕಿಸಿದ ಮೇಲೆ ಕೋರ್ಟಿಗೆ ಹೋಗಬಹುದು. ಪರೀಕ್ಷಕರು ಯಾವ ಜಾಯಿಂಟನ್ನೂ ಹಿಡಿಯುವಂತಿಲ್ಲ ಎಂಬ ನಿಯಮವಿದೆ. ನನಗೂ ಹಿಡಿ ಎಂದು ಯಾರೂ ಕರೆದಿಲ್ಲ, ಅದು ಬೇರೆ ಮಾತು.

ನನ್ನ ಕೆಲಸ ಕಷ್ಟದ್ದೇನಲ್ಲ. ಕಾಲರಿನ ಎರಡು ಅಂಚಿಗೂ ನಡುವಿಗೂ ಗೇಜು ಅಂಟಿಸಿ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡುವುದು. ಅಂಟಿನ ಜಾಯಿಂಟಿನ ವಿಷಯದಲ್ಲಿ ತಿಳಿದಿರಬೇಕಾದದ್ದು ಒಂದೇ. ಎಳೆತ ಬಿದ್ದಾಗ ಭಾರವನ್ನೆಲ್ಲ ಹೊರುವುದು ಎರಡು ಅಂಚುಗಳಲ್ಲಿರುವ ಅಂಟು. ನಡುವಿನ ಅಂಟು ಮದುವೆಮನೆಯ ದೊಡ್ಡವರ ಹಾಗೆ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತದೆ. ಸೀಳು ಬಿಟ್ಟರೂ ಅಂಚಿನಿಂದಲೇ ಬಿಡುತ್ತದೆ. ನಮ್ಮ ಜಲಸಮಿತಿಯ ಅಧ್ಯಕ್ಷರಾದ ಚಿಕ್ಕಲಿಂಗಯ್ಯನವರಿಗೆ ಇದನ್ನು ನಾನು ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರು ತಲೆಯಾಡಿಸಿ, "ಹಾಗಾದ್ರೆ ಕಾಲರು ಇನ್ನೂ ಉದ್ದ ಮಾಡಿಸಿ" ಎನ್ನುತ್ತಾರೆ. ಉದ್ದ ಮಾಡಿದರೆ ನಡುವೆ ಕೂರುವವರು ಹೆಚ್ಚಾಗುತ್ತಾರೆಯೇ ಹೊರತು ಅಂಚಿನ ಕಷ್ಟ ತಪ್ಪುವುದಿಲ್ಲ.

ಊರಿನ ಎಲ್ಲ ಜಾಯಿಂಟುಗಳಿಗಿಂತ ಹೆಚ್ಚು ಎಳೆತ ಬೀಳುವುದು ಕೊರಕಲಿನ ಜಾಯಿಂಟಿಗೆ. ಮೇಲ್ಪೇಟೆಗೂ ಕೆಳಪೇಟೆಗೂ ನಡುವೆ ಆಳವಾದ ಕೊರಕಲಿದೆ. ಪೈಪು ಅದರ ಮೇಲೆ ನೇತಾಡಿಕೊಂಡು ದಾಟುತ್ತದೆ, ಪಕ್ಕದಲ್ಲೇ ಬಸ್ಸಿನ ಸೇತುವೆ. ಈ ಜಾಯಿಂಟು ಹೋದರೆ ಕೆಳಪೇಟೆಗೆ ಹನಿ ನೀರಿಲ್ಲ. ಹೊಸದಾಗಿ ಹಾಕಬೇಕೆಂದರೆ ಪೈಪಿಗೆ ಕೆಳಗಿನಿಂದ ಆಸರೆಯ ಒರಗು ಕಟ್ಟಬೇಕು, ಕೊರಕಲು ಒಣಗುವ ಕಾಲಕ್ಕೆ ಕಾಯಬೇಕು, ಅಷ್ಟು ದಿನ ಕೆಳಪೇಟೆ ನೀರು ಹೊರಬೇಕು. ಹಿಂದೆ ಅದನ್ನು ಆದರ್ಶ ದಂಪತಿ ಎಂದು ಶಾಲು ಹೊದಿಸಿಕೊಂಡಿದ್ದ ಮೇಷ್ಟರು ಮತ್ತು ಅವರ ಹೆಂಡತಿ ಹಿಡಿದಿದ್ದರು. ಮೊದಲ ಮಳೆಗೇ ಬಿಟ್ಟುಕೊಂಡಿತು. ಮೇಷ್ಟರ ಮನೆಯಲ್ಲಿ ಯಾವತ್ತೂ ಒಂದು ಏರುದನಿಯ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ತಪ್ಪು ಅಂಟಿನದೇ ಎಂದು ತೀರ್ಮಾನವಾಯಿತು.

ಮುಂದಿನ ಸಲ ಅದನ್ನು ಹಾಕಿದಾಗ ನಾನು ಕೆಲಸಕ್ಕೆ ಹೊಸಬಳು, ಅಲ್ಲೇ ಇದ್ದೆ. ಸಮಿತಿಯವರು ಆರಿಸಿದ್ದ ಅಣ್ಣತಮ್ಮಂದಿರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಂಟು ಕಲಸಿ ಆಗಿತ್ತು. ಕಲಸಿದ ಅಂಟು ಯಾರಿಗೂ ಕಾಯುವುದಿಲ್ಲ, ಬೋಗುಣಿಯಲ್ಲೇ ಕಲ್ಲಾಗುತ್ತದೆ. ಅಷ್ಟರಲ್ಲಿ ಕೂಲಿಯವರಿಗೆ ಮುದ್ದೆ ಹೊತ್ತುಕೊಂಡು ಹಿಟ್ಟಿನ ಗಿರಣಿಯ ನಿಂಗಾಜಮ್ಮ ಬಂದಳು. ಹಿಂದೆ ಸಾರಿನ ಪಾತ್ರೆ ಹಿಡಿದು ಅವಳ ಹೊಸ ಸೊಸೆ ಜಯಶೀಲ. ಮುದ್ದೆ ಗಂಟಾಗಿದ್ದಕ್ಕೆ ಸೊಸೆ ಬೀಸಿದ ಹಿಟ್ಟು ಕಾರಣವೋ, ಅತ್ತೆ ತೊಳಸಿದ ಕೈ ಕಾರಣವೋ ಎಂಬ ಮಾತು ಗಿರಣಿಯಿಂದ ಕೊರಕಲಿನ ತನಕ ನಡೆದುಬಂದಿತ್ತು. ಮೇಸ್ತ್ರಿ ತಲೆಕೆಟ್ಟು, "ಇಬ್ರೂ ಬನ್ನಿ ಇಲ್ಲಿ. ಹಿಡ್ಕಳಿ ಇದನ್ನ. ಬಾಯಿ ಮುಚ್ಕಂಡು ಹಿಡ್ಕಳಿ" ಎಂದು ಅರಚಿದ. ಅವರು ಹಿಡಿದರು. ಬಾಯಿ ಮಾತ್ರ ಮುಚ್ಚಲಿಲ್ಲ. ಅಂಟು ಒಣಗುವ ತನಕ ಆ ಕಡೆಯಿಂದ ಒಬ್ಬಳು, ಈ ಕಡೆಯಿಂದ ಒಬ್ಬಳು, ಮುದ್ದೆಯಿಂದ ಶುರುವಾಗಿ ಮದುವೆಯಲ್ಲಿ ಕೊಟ್ಟ ಸೀರೆಯ ಅಂಚಿನವರೆಗೂ ಹೋದರು. ಇದು ವಾರ ಬಾಳಿದರೆ ಹೆಚ್ಚು ಎಂದು ಮೇಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ.

ಮೇಸ್ತ್ರಿ ನಿವೃತ್ತನಾದ, ಸತ್ತೂ ಹೋದ. ಜಾಯಿಂಟು ಒಣಗಿಕೊಂಡೇ ಇತ್ತು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಆ ಇಬ್ಬರು ಹೆಂಗಸರ ಗಂಟಲು ಎಷ್ಟು ಬಲಿತಿತ್ತೆಂದರೆ, ಯಂತ್ರ ನಿಂತಾಗಲೂ ಅದೇ ಸ್ವರದಲ್ಲಿ ಜಗಳವಾಡುತ್ತಿದ್ದರು. ಬೆಲ್ಟು ಯಾರು ಏರಿಸಬೇಕು, ಕಲ್ಲು ಯಾವಾಗ ಕುಟ್ಟಿಸಬೇಕು, ಗೋಧಿ ಬೀಸಿದ ಮೇಲೆ ಮೆಣಸಿನಕಾಯಿ ಹಾಕಬೇಕೋ ಬೇಡವೋ. ನಡುವೆ ನಿಂಗಾಜಮ್ಮನ ಮಗ ಜ್ವರ ಬಂದು ತೀರಿಕೊಂಡ. ಅತ್ತೆ ಸೊಸೆ ಆಗ ಮಾತು ಬಿಟ್ಟರು. ಕೊರಕಲಿನ ಜಾಯಿಂಟು ಒದ್ದೆಯಾಯಿತು. ದುಃಖ ಎಂದು ಜನ ಅಂದರು, ನಾನೂ ಹಾಗೇ ಬರೆದೆ. ತಿಥಿಯೂಟ ಮುಗಿದ ಮೇಲೆ ಪಾತ್ರೆ ತೊಳೆದು ಎಲ್ಲಿ ಬೋರಲು ಹಾಕಬೇಕು ಎಂಬ ಮಾತಿಗೆ ಹಿತ್ತಿಲಿನಲ್ಲಿ ಜೋರು ಜಗಳವಾಯಿತು. ಜಾಯಿಂಟು ಒಣಗಿತು. ಅದನ್ನು ನಾನು ನೋಡಿದೆ, ಆದರೆ ಅರ್ಥಮಾಡಿಕೊಳ್ಳಲಿಲ್ಲ.

ಜಯಶೀಲ ಜಾಯಿಂಟು ಹಿಡಿದಂದಿನಿಂದ ಊರಿನಾಚೆ ಒಂದು ರಾತ್ರಿ ಕಳೆದವಳಲ್ಲ. ಕೊರಕಲಿನ ಜಾಯಿಂಟು ಹಿಡಿದವರು ಊರ ಗಡಿಯಾಚೆ ಮಲಗಬಾರದು ಎಂಬುದು ವಾಡಿಕೆ. ಯಾರು ಮಾಡಿದ್ದೋ ಗೊತ್ತಿಲ್ಲ. ತನ್ನ ಸ್ವಂತ ತಂಗಿಯ ಮದುವೆಗೆ ಹೋಗಿ ಧಾರೆಯ ಅಕ್ಷತೆ ಹಾಕಿದವಳೇ ಊಟಕ್ಕೂ ಕೂರದೆ ಬಸ್ಸು ಹತ್ತಿದ್ದಳು. ಹೀಗಿರುವಾಗ ತಕ್ಕಡಿಗೆ ಮುದ್ರೆ ಹಾಕುವ ಮರಿಸ್ವಾಮಿ ಎಂಬಾತ ಗಿರಣಿಗೆ ಬರತೊಡಗಿದ. ಬೆಟ್ಟದಾಚೆಯ ಊರಿನವನು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವನು. ತಕ್ಕಡಿಯ ಮುದ್ರೆ ವರ್ಷಕ್ಕೊಮ್ಮೆ ಹಾಕಿದರೆ ಸಾಕು. ಆತ ಪ್ರತಿ ತಿಂಗಳೂ ಬಂದು ತೂಕದ ಬಟ್ಟು ಒರೆಸಿ, ತೂಕ ನೋಡಿ, ಏನೂ ಹೇಳದೆ ಹೋಗುತ್ತಿದ್ದ.

ಒಂದು ದಿನ ನಿಂಗಾಜಮ್ಮನೇ ಯಂತ್ರ ನಿಲ್ಲಿಸಿ, "ಏನಪ್ಪ, ನೀನು ತಕ್ಕಡಿ ನೋಡಕ್ಕೆ ಬತ್ತಿಯೋ, ಇವಳ್ನ ನೋಡಕ್ಕೆ ಬತ್ತಿಯೋ? ಒಂದು ಹೇಳು" ಎಂದಳಂತೆ. ಆತ ಬಹಳ ಹೊತ್ತು ಬಟ್ಟು ಒರೆಸಿ, "ತಕ್ಕಡಿ ಸರಿಯಾಗೇ ಇದೆ" ಎಂದನಂತೆ. ಜಯಶೀಲ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಇದನ್ನು ನನಗೆ ಹೇಳಿದವಳು ನಿಂಗಾಜಮ್ಮ. "ಆ ಗಂಡಸು ಮಾತೇ ಆಡಕ್ಕಿಲ್ವಲ್ಲ ಇಂಜಿನಿಯರಮ್ಮ. ಅವನ ಜೊತೆ ಇವಳು ಜಗಳ ಹೆಂಗಾಡ್ತಾಳೆ?" ಎಂಬುದೊಂದೇ ಅವಳ ತಕರಾರು.

ಊರಿನವರ ತಕರಾರು ಬೇರೆ ಇತ್ತು. ಜಲಸಮಿತಿ ಸೇರಿತು. ಅತ್ತೆ ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿದರು. ಚಿಕ್ಕಲಿಂಗಯ್ಯನವರು ಕೆಟ್ಟವರಲ್ಲ, ಕೆಳಪೇಟೆಯವರು ಅಷ್ಟೆ. "ನೋಡಮ್ಮ ಜಯಶೀಲ, ನಿನ್ನ ಮದುವೆ ಬೇಡ ಅನ್ನೋಕೆ ನಾವ್ಯಾರು? ಆದ್ರೆ ನೀನು ಗಡಿ ದಾಟಿ ಸಂಸಾರ ಹೂಡಿದ್ರೆ ಅಷ್ಟು ಮನೆ ನೀರಿಗೆ ಯಾರು ಜವಾಬ್ದಾರಿ?" ಎಂದರು.

ಜಯಶೀಲ ಎದ್ದು ನಿಂತಳು. "ಸಾರ್, ಅವತ್ತು ನಾನು ಸಾರಿನ ಪಾತ್ರೆ ತಂದೋಳು. ಹಿಡಿ ಅಂದ್ರು, ಹಿಡಿದೆ. ಇನ್ನೂ ಎಷ್ಟು ದಿನ ಹಿಡ್ಕೊಂಡಿರಬೇಕು ಹೇಳಿ" ಎಂದಳು. ಚಿಕ್ಕಲಿಂಗಯ್ಯನವರು ನನ್ನ ಕಡೆ ತಿರುಗಿ ನನ್ನ ಅಭಿಪ್ರಾಯ ಕೇಳಿದರು. ಹಿಡಿದವರ ನಡುವಿನ ದೂರಕ್ಕೆ ನನ್ನ ಲೆಕ್ಕದಲ್ಲಿ ಜಾಗವೇ ಇಲ್ಲ, ಗಡಿ ದಾಟಿದರೆ ಏನಾಗುತ್ತದೆ ಎಂದು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ ಎಂದೆ. "ಗೊತ್ತಿಲ್ಲ ಅಂತ ಆಯ್ತು" ಎಂದು ಅವರು ಬರೆದುಕೊಂಡರು. ಕಾಲರು ಉದ್ದ ಮಾಡಿಸುವ ಮಾತು ಬಂತು. ನಾನು ಕಿಟಕಿಯಾಚೆ ನೋಡಿದೆ.

ಕೊನೆಗೆ ಒಂದು ನಿರ್ಣಯವಾಯಿತು. ಮೂರು ತಿಂಗಳು ಜಾಯಿಂಟನ್ನು ಗಮನಿಸುವುದು, ಅದು ಗಟ್ಟಿಯಾಗಿದ್ದರೆ ಜಯಶೀಲ ಹೋಗಬಹುದು. ಹೇಗೂ ಮುಂದೆ ಎಳೆತ ಹೆಚ್ಚಾಗಲಿದೆಯಲ್ಲ, ಆದ್ದರಿಂದ ಈಗಿನಿಂದಲೇ ಇರುವ ಎಳೆತ ಕಡಿಮೆ ಮಾಡಬೇಕು. ಅತ್ತೆ ಸೊಸೆ ಇಬ್ಬರೂ ಜಗಳವಾಡಕೂಡದು. ಇದು ಎಲ್ಲರಿಗೂ ಎಷ್ಟು ನ್ಯಾಯವಾಗಿ ಕಂಡಿತೆಂದರೆ ನಾನೂ ಸಹಿ ಹಾಕಿದೆ.

ಇಬ್ಬರೂ ಚಾಚೂ ತಪ್ಪದೆ ಪಾಲಿಸಿದರು. ಒಬ್ಬಳಿಗೆ ಹೋಗಬೇಕಿತ್ತು, ಇನ್ನೊಬ್ಬಳಿಗೆ ಕಳಿಸಬೇಕಿತ್ತು. ನಾನು ರಾಗಿ ಬೀಸಿಸಲು ಹೋದ ದಿನ ಗಿರಣಿಯ ಮುಂದೆ ಡಬ್ಬಗಳ ಸಾಲು ರಸ್ತೆಗೆ ಬಂದಿತ್ತು. ಒಳಗೆ ಯಂತ್ರ ನಿಂತಿತ್ತು.

"ಅತ್ತೆ, ಬೆಲ್ಟು ಏರಿಸಲಾ?"

"ನಿನ್ನಿಷ್ಟ ಕಣಮ್ಮ."

"ಇಲ್ಲ ಅತ್ತೆ, ನೀವು ಹೇಳಿದ ಹಾಗೆ."

"ನಾನೇನು ಹೇಳ್ಲಿ, ನಿನಗೆ ಹೆಂಗೆ ಅನುಕೂಲವೋ ಹಂಗೆ."

"ನಿಮಗೆ ಅನುಕೂಲ ಆಗೋ ಹಾಗೇ ಆಗಲಿ ಅತ್ತೆ."

ಬೆಲ್ಟು ನೆಲದ ಮೇಲೇ ಬಿದ್ದಿತ್ತು. ಇಬ್ಬರ ಮುಖದಲ್ಲೂ ಫೋಟೋ ಸ್ಟುಡಿಯೋದಲ್ಲಿ ಕೂತವರ ನಗು. ನನ್ನ ಡಬ್ಬ ಎತ್ತಿಕೊಂಡು ವಾಪಸ್ಸು ಬಂದೆ. ಆ ವಾರವೇ ಕೊರಕಲಿನ ಜಾಯಿಂಟು ಬೆವರತೊಡಗಿತು. ಮುಂದಿನ ವಾರ ಹನಿಯಿತು.

ನೋಡಿದಿರಾ, ಹೋಗುತ್ತಾಳೆ ಎಂದು ಜಾಯಿಂಟಿಗೆ ಆಗಲೇ ಗೊತ್ತಾಗಿದೆ ಎಂದರು ಸಮಿತಿಯವರು. ನನಗೆ ಮೊದಲ ಸಲ ಅನುಮಾನ ಬಂತು. ಹಳೆಯ ಅಳತೆಗಳನ್ನೆಲ್ಲ ತೆಗೆದು ಕೂತೆ. ಜೋರು ಜಗಳವಾದ ದಿನಗಳಲ್ಲೆಲ್ಲ ಅಂಚಿನ ಮುಳ್ಳು ಇಳಿದಿತ್ತು, ನಡುವಿನ ಮುಳ್ಳು ಒಂಚೂರು ಏರಿತ್ತು. ಅಂದರೆ ಅಂಟು ಸ್ವಲ್ಪ ಬಳುಕಿ, ಅಂಚಿನ ಭಾರವನ್ನು ಒಳಕ್ಕೆ ದಾಟಿಸಿತ್ತು. ಮಾತು ಬಿಟ್ಟ ದಿನಗಳಲ್ಲಿ ಅಂಟು ಬಿಗಿದುಕೊಂಡು, ಭಾರವೆಲ್ಲ ಅಂಚಿನಲ್ಲೇ ನಿಂತಿತ್ತು. ಬಳುಕದ ಅಂಟು ಸೀಳುತ್ತದೆ ಎಂಬುದನ್ನು ನಾನು ಓದಿನ ಮೊದಲ ವರ್ಷದಲ್ಲೇ ಕಲಿತಿದ್ದೆ. ಮೇಷ್ಟರ ದಾಂಪತ್ಯವೂ ನೆನಪಾಯಿತು. ನಾನು ಚಿಕ್ಕಲಿಂಗಯ್ಯನವರ ಮನೆಗೆ ಹೋಗಿ, ಆ ನಿರ್ಣಯ ವಾಪಸ್ಸು ತೆಗೆದುಕೊಳ್ಳಿ, ಅವರನ್ನು ಜಗಳವಾಡಲು ಬಿಡಿ ಎಂದೆ.

ಅವರು ಕನ್ನಡಕ ಹಾಕಿಕೊಂಡು, "ಇದನ್ನ ನೀವು ಬರೆದು ಕೊಡ್ತೀರಾ?" ಎಂದರು. ಬರೆದುಕೊಟ್ಟೆ.

ಸಮಿತಿಯವರು ಮಾಡಿದ್ದೇನು ಕೇಳಿ. ಇಬ್ಬರನ್ನೂ ಕೊರಕಲಿಗೆ ಕರೆಸಿ, ಜಾಯಿಂಟಿನ ಮುಂದೆ ನಿಲ್ಲಿಸಿ, ಗೇಜಿನ ಹತ್ತಿರ ನನ್ನನ್ನು ಕೂರಿಸಿ, "ಹೂಂ, ಜಗಳ ಆಡ್ರಮ್ಮ" ಎಂದು ಆಜ್ಞೆ ಮಾಡಿದರು. ನಿಂಗಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಸೆಯ ಮುಖ ನೋಡಿದಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸೆರಗು ಬಿಚ್ಚಿ, "ಏನಂತ ಬೈಲಿ?" ಎಂದು ಮೆಲ್ಲಗೆ ಕೇಳಿದಳು. ಜಯಶೀಲ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಂಚಿನ ಮುಳ್ಳು ಅಪಾಯದ ಕೆಂಪು ಗೆರೆ ಮುಟ್ಟಿತು, ಹನಿ ಧಾರೆಯಾಯಿತು. ಅಧ್ಯಕ್ಷರು ನನ್ನ ಬರಹವನ್ನು ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟರು. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ.

ಸಮಿತಿ ಮತ್ತೆ ಸೇರಿ, ಮದುವೆ ಬೇಡ ಎಂದಿತು. ಉತ್ತರ ಕೊಟ್ಟವಳು ನಿಂಗಾಜಮ್ಮ. "ಅವಳು ಹೋಯ್ತಾಳೆ. ನೀರು ನಿಂತ್ರೆ ಕೊಡ ತಕ್ಕಂಡು ಬನ್ನಿ, ನಾನು ಸೇದಿ ಹಾಕ್ತೀನಿ. ನನ್ನ ಮಗ ಸತ್ತಾಗ ಇವಳೂ ಸತ್ತಿದ್ರೆ ಏನು ಮಾಡ್ತಿದ್ರಿ?" ಎಂದು ಬೆಂಚಿನಿಂದ ಎದ್ದು ಹೋದಳು. ಗುಡಿಯಲ್ಲಿ ನಾಲ್ಕು ಜನರ ಮುಂದೆ ಮದುವೆಯಾಯಿತು. ಮರಿಸ್ವಾಮಿ ತಾಳಿ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿದ. ನಿಂಗಾಜಮ್ಮ ಎಲ್ಲರಿಗೂ ಬೆಲ್ಲದನ್ನ ಬಡಿಸಿದಳು. ಸೊಸೆಯ ಎಲೆಗೆ ತುಪ್ಪ ಹೆಚ್ಚು ಹಾಕಿ, "ಸಾಕಾಮ್ಮ?" ಎಂದು ಕೇಳಿದಳು. "ಸಾಕು ಅತ್ತೆ" ಎಂದಳು ಅವಳು.

ಜಯಶೀಲ ಹೊರಡುವ ದಿನ ಕೆಳಪೇಟೆಯಲ್ಲಿ ಹಬ್ಬದ ಹಿಂದಿನ ದಿನದಷ್ಟು ಗದ್ದಲ. ಬಿಂದಿಗೆ, ಡ್ರಮ್ಮು, ಛತ್ರದ ಅಡುಗೆ ಕೊಪ್ಪರಿಗೆ, ಒಂದು ಮನೆಯಲ್ಲಿ ತೊಟ್ಟಿಲಿಗೆ ಪ್ಲಾಸ್ಟಿಕ್ ಹಾಸಿ ಅದಕ್ಕೂ ನೀರು ತುಂಬಿದ್ದರು. ಸಮಿತಿಯವರೆಲ್ಲ ಕೊರಕಲಿನ ಹತ್ತಿರ ನಿಂತಿದ್ದರು. ನಾನು ಗೇಜಿನ ಮುಂದೆ. ಜಾಯಿಂಟಿನ ಕೆಳ ಅಂಚಿನಿಂದ ನೀರು ಸಣ್ಣ ಧಾರೆಯಾಗಿ ಬೀಳುತ್ತಿತ್ತು. ನಿಂಗಾಜಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ ಬೀಳ್ಕೊಡುವ ಬದಲು ನಮ್ಮ ಹತ್ತಿರ ಬಂದು ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಮುಖದಲ್ಲಿ ಆ ಫೋಟೋದ ನಗುವೂ ಇರಲಿಲ್ಲ.

ಬಸ್ಸು ಸೇತುವೆಗೆ ಬಂದದ್ದೇ ತಡ, ಅವಳು ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತಳು. ಡ್ರೈವರು ಬ್ರೇಕು ಒತ್ತಿದ. ಬಸ್ಸಿನೊಳಗೆ ಜನ ಒಬ್ಬರ ಮೇಲೊಬ್ಬರು ಬಿದ್ದರು.

"ಎಲ್ಲೇ ನನ್ನ ಜರಡಿ?"

ಜಯಶೀಲ ಕಿಟಕಿಯಿಂದ ತಲೆ ಹಾಕಿದಳು. "ಯಾವ ಜರಡಿ?"

"ಹಿತ್ತಾಳೆ ಕಟ್ಟಿನ ಜರಡಿ. ಗಿರಣಿ ಗೋಡೇಲಿ ನೇತಾಕಿದ್ದದ್ದು. ಬೆಳಿಗ್ಗಿಂದ ಇಲ್ಲ."

"ಆ ತೂತು ಜರಡಿ ನನಗ್ಯಾಕೆ ಅತ್ತೆ?"

"ಜರಡೀಲಿ ತೂತಿರದೆ ಕದ ಇರ್ತದಾ? ಬಿಚ್ಚು ನಿನ್ನ ಗಂಟ!"

ಕಂಡಕ್ಟರು ಹೊತ್ತಾಗುತ್ತದೆ ಎಂದು ತಾನೇ ಗಂಟು ಬಿಚ್ಚಿದ. ಸೀರೆಗಳ ನಡುವೆ ಹಿತ್ತಾಳೆ ಕಟ್ಟಿನ ಜರಡಿ ಬಿಸಿಲಿಗೆ ಫಳಫಳ ಹೊಳೆಯಿತು. ಬಸ್ಸಿಗೆ ಬಸ್ಸೇ "ಅಯ್ಯೋ" ಎಂದಿತು.

"ನಾನು ಇಟ್ಕೊಂಡಿಲ್ಲ!" ಜಯಶೀಲಳ ಹಳೆಯ ಗಂಟಲು ಆಗ ಹೊರಬಂತು. "ದೇವರಾಣೆ ಮುಟ್ಟಿಲ್ಲ ನಾನು! ನಿಮಗೆ ಕಣ್ಣು ಕಾಣಲ್ಲ, ನೀವೇ ಬಟ್ಟೆ ಜೊತೆ ಮಡಚಿ ತುರುಕಿರ್ತೀರ!"

"ನನ್ನ ಕಣ್ಣಿಗೆ ಏನಾಗದೆ? ಸೊಳ್ಳೆ ಕಾಲು ಎಣಿಸ್ತೀನಿ! ಇಷ್ಟು ವರ್ಷ ಉಪ್ಪು ತಿಂದು, ಹೋಗೋವಾಗ ಜರಡಿ ಹೊತ್ಕಂಡು ಹೋಯ್ತಿಯಲ್ಲೇ ಕಳ್ಳಿ!"

"ಯಾರ ಉಪ್ಪು ಯಾರು ತಿಂದ್ರು? ನಿಮ್ಮ ಸಾರಿಗೆ ಉಪ್ಪೇ ಇರ್ತಿರಲಿಲ್ಲ! ತಗೊಳಿ ನಿಮ್ಮ ಜರಡಿ!"

"ಕದ್ದ ಮಾಲು ನಾನು ಮುಟ್ಟಕ್ಕಿಲ್ಲ. ಇಟ್ಕೋ. ಕದ್ದೆ ಅಂತ ಒಪ್ಕಂಡು ವಾಪಸ್ಸು ತಂದುಕೊಡು."

"ಸತ್ರೂ ಒಪ್ಪಲ್ಲ!"

ಇದರ ನಡುವೆ ಎಲ್ಲೋ ನೀರಿನ ಸದ್ದು ನಿಂತಿತ್ತು. ನಾನು ಗೇಜಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದೆ. ಮುಳ್ಳು ತನ್ನ ಹಳೆಯ ಜಾಗದಲ್ಲಿ ಮಲಗಿತ್ತು. ಚಿಕ್ಕಲಿಂಗಯ್ಯನವರು ಬಗ್ಗಿ ಕಾಲರಿನ ಅಂಚನ್ನು ಪಂಚೆಯ ತುದಿಯಿಂದ ಒರೆಸಿ, ಪಂಚೆ ಮುಟ್ಟಿ ನೋಡಿದರು. ಬಸ್ಸು ಹೊರಟಿತು. ಮರಿಸ್ವಾಮಿ ಕಿಟಕಿಯಿಂದ ಕೈಮುಗಿದು, "ಮುಂದಿನ ತಿಂಗಳು ಕರ್ಕೊಂಡು ಬರ್ತೀನಿ" ಎಂದ. ಅವನ ಬಾಯಿಂದ ಅಷ್ಟು ಉದ್ದದ ಮಾತನ್ನು ಯಾರೂ ಕೇಳಿರಲಿಲ್ಲ. ಕೆಳಪೇಟೆಯವರು ತುಂಬಿಟ್ಟ ನೀರನ್ನು ಏನು ಮಾಡುವುದೆಂದು ತಿಳಿಯದೆ ಬೀದಿಗಳನ್ನೆಲ್ಲ ತೊಳೆದರು.

ಅವಳು ತಪ್ಪದೆ ಬರುತ್ತಿದ್ದಳು. ಪ್ರತಿ ತಿಂಗಳೂ ಜರಡಿ ಹಿಡಿದುಕೊಂಡು ಬರುವುದು, ಕದ್ದಿಲ್ಲ ಎಂದು ಗಿರಣಿಯಲ್ಲಿ ನಿಂತು ವಾದಿಸುವುದು, ಒಪ್ಪಿಕೋ ಎಂದು ಮುದುಕಿ ಅರಚುವುದು, ಊಟ ಮಾಡಿ ಜರಡಿ ಸಮೇತ ಹಿಂದಿರುಗುವುದು. ಸಮಿತಿಯವರು ಗಡಿಯ ವಾಡಿಕೆಯನ್ನು ಮರೆತುಬಿಟ್ಟರು. ಒಂದು ಮಧ್ಯಾಹ್ನ ಹಿಟ್ಟು ಬೀಸುವವರು ಯಾರೂ ಇಲ್ಲದಾಗ ನಾನು ನಿಂಗಾಜಮ್ಮನನ್ನು ಕೇಳಿಯೇಬಿಟ್ಟೆ, ಜರಡಿ ಆ ಗಂಟಿಗೆ ಹೇಗೆ ಹೋಯಿತು ಎಂದು.

"ನಾನೇ ಇಟ್ಟೆ ಕಣವ್ವ" ಎಂದಳು ಅವಳು. ತೊಡೆಯ ಮೇಲಿನ ಹಿಟ್ಟು ಕೊಡವಿದಳು. "ಅವತ್ತು ಬೆಳಿಗ್ಗೆ ಬೈಯಕ್ಕೆ ಏನಾರ ಸಿಗ್ತದಾ ಅಂತ ಮನೆಯೆಲ್ಲ ಹುಡುಕಿದೆ. ಪಾತ್ರೆ ತೊಳೆದು ಬೋರಲು ಹಾಕಿದ್ಲು. ಕಲ್ಲು ಕುಟ್ಟಿಸಿ ಇಟ್ಟಿದ್ಲು. ನನ್ನ ಮಾತ್ರೆ ಎಲ್ಲ ಚೀಟಿ ಅಂಟಿಸಿ ಜೋಡಿಸಿದ್ಲು. ಒಂದು ತಪ್ಪು ಬಿಟ್ಟಿರ್ನಿಲ್ಲ ಹುಡುಗಿ. ನಾನೇನು ಮಾಡ್ಲಿ? ಜರಡಿ ತುರುಕಿದೆ." ಆಮೇಲೆ ಕೈ ಒರೆಸಿಕೊಂಡು, "ಅವಳಿಗೆ ಹೇಳ್ಬೇಡ" ಎಂದಳು. ಹೇಳುವುದಿಲ್ಲ ಎಂದೆ. ಆ ದಿನ ಕಚೇರಿಗೆ ವಾಪಸ್ಸು ಹೋಗಲು ಮನಸ್ಸಾಗಲಿಲ್ಲ. ನನ್ನನ್ನು ಬೈಯಲು ಹೀಗೆ ಮನೆಯೆಲ್ಲ ಹುಡುಕುವವರು ಯಾರಿದ್ದಾರೆ ಎಂದು ಯೋಚಿಸಿದೆ, ಹೊಟ್ಟೆಕಿಚ್ಚಾಯಿತು.

ನಿಂಗಾಜಮ್ಮ ಹೋದ ವರ್ಷ ಸತ್ತಳು. ನಿದ್ದೆಯಲ್ಲೇ ಹೋದಳು, ಸಕ್ಕರೆ ಕಾಯಿಲೆ ಇತ್ತು. ಒಬ್ಬರು ಸತ್ತ ಮೇಲೆ ಜಾಯಿಂಟು ಉಳಿಯುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಕೆಲವು ಉಳಿಯುತ್ತವೆ, ಕೆಲವು ತಿಥಿಯ ಹೊತ್ತಿಗೆ ಬಿಡುತ್ತವೆ. ಎಲ್ಲ ಉಳಿದವರ ಕೈಯಲ್ಲಿ. ಕೆಳಪೇಟೆಯವರು ಮತ್ತೆ ಕೊಪ್ಪರಿಗೆ ತುಂಬಿದರು.

ಕಾರ್ಯ ಮುಗಿಸಿ ಜಯಶೀಲ ಕೊರಕಲಿಗೆ ಬಂದಳು. ಮುಖ ಬಾಡಿಹೋಗಿತ್ತು. ಕೈಯಲ್ಲಿ ಜರಡಿ. ನಾನೊಬ್ಬಳೇ ಅಲ್ಲಿದ್ದೆ. ಕಾಲರಿನ ಕೆಳಗೆ ಹನಿ ಕಟ್ಟತೊಡಗಿತ್ತು.

"ಒಪ್ಕೊಂಡುಬಿಡಬೇಕಾಗಿತ್ತು ಇಂಜಿನಿಯರಮ್ಮ" ಎಂದಳು. "ಕದ್ದೆ ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು? ಮುದುಕಿ ನೆಮ್ಮದಿಯಾಗಿ ಸಾಯ್ತಿದ್ರು. ಈಗಲಾದ್ರೂ ಹೇಳಿಬಿಡ್ತೀನಿ. ನಾನೇ ಕದ್ದೆ ಅಂತ ಇಲ್ಲಿ ಹೇಳಿ, ಇದನ್ನ ಕೊರಕಲಿಗೆ ಹಾಕಿ ಹೋಗ್ತೀನಿ." ಅವಳು ಜರಡಿ ಎತ್ತಿದಳು. ಮುಳ್ಳು ಕೆಂಪು ಗೆರೆಯತ್ತ ಏರುತ್ತಿತ್ತು.

ನಾನು ಮಾತು ಕೊಟ್ಟಿದ್ದೆ. ಆದರೆ ಕೆಳಪೇಟೆಯ ನೀರಿಗೆ ನಾನೇ ಜವಾಬ್ದಾರಿ. ನಿಜ ಹೇಳಿದರೆ ಮುಳ್ಳು ಯಾವ ಕಡೆ ಹೋಗುತ್ತದೆ ಎಂದು ನನ್ನ ಯಾವ ಲೆಕ್ಕದಿಂದಲೂ ತಿಳಿಯುವಂತಿರಲಿಲ್ಲ. ಗೇಜಿನಿಂದ ಕಣ್ಣು ತೆಗೆದು ಅವಳ ಮುಖ ನೋಡಿದೆ. "ನೀನು ಕದಿಯಲಿಲ್ಲ ಜಯಶೀಲ. ನಿಮ್ಮತ್ತೆಯೇ ಇಟ್ಟದ್ದು. ಬೇಕಂತಲೇ. ನಿನ್ನನ್ನು ಬೈಯಲು ಏನೂ ಸಿಗಲಿಲ್ಲವಂತೆ" ಎಂದೆ.

ಅವಳು ಜರಡಿ ಹಿಡಿದ ಕೈಯನ್ನು ಇಳಿಸಲಿಲ್ಲ. ಕಣ್ಣಿನಿಂದ ನೀರು ಬಳಬಳ ಇಳಿಯಿತು. ನಾನು ಕೆಟ್ಟೆ ಅಂದುಕೊಂಡೆ. ಆಮೇಲೆ ಅವಳು ಪೈಪಿನ ಕಡೆ ತಿರುಗಿದಳು.

"ಎಲಾ ಮುದುಕಿ!" ಕೊರಕಲಿಗೆ ಕೊರಕಲೇ ಗುಂಯ್ಯೆಂದಿತು. "ಇಷ್ಟು ವರ್ಷ! ಇಷ್ಟು ವರ್ಷ ನನ್ನನ್ನ ಕಳ್ಳಿ ಅನ್ನಿಸಿಕೊಂಡು ಓಡಾಡೋ ಹಾಗೆ ಮಾಡಿ, ಪ್ರತಿ ತಿಂಗಳು ಬಸ್ಸಲ್ಲಿ ಈ ಜರಡಿ ಹೊರಿಸಿ, ಕಂಡಕ್ಟರು ಕೂಡ ನನ್ನ ನೋಡಿ ನಗೋನು! ಹೇಳದೆ ಸತ್ತೆಯಲ್ಲ! ನಿನಗೆ ಮರ್ಯಾದೆ ಇದೆಯಾ?" ಜೀವಮಾನದಲ್ಲಿ ಮೊದಲ ಸಲ ಅವಳು ಅತ್ತೆಯನ್ನು ನೀನು ಎಂದಿದ್ದಳು. ಅಳುತ್ತಲೇ, 'ನೀನು' ಎನ್ನುತ್ತಲೇ, ಮುದ್ದೆಯ ಗಂಟಿನಿಂದ ಹಿಡಿದು ಎಲ್ಲವನ್ನೂ ತೆಗೆದಳು. ನಾನು ಗೇಜನ್ನು ನೋಡುವುದು ಮರೆತೇಬಿಟ್ಟಿದ್ದೆ. ನೋಡಿದಾಗ ಹನಿ ನಿಂತಿತ್ತು, ಕಾಲರಿನ ಅಂಚು ಗಾಳಿಗೆ ಒಣಗುತ್ತಿತ್ತು.

ಮೇಲ್ಪೇಟೆಯ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಜಯಶೀಲ ಸೆರಗಿನಿಂದ ಮುಖ ಒರೆಸಿಕೊಂಡು, ಜರಡಿಯನ್ನು ಅದೇ ಸೆರಗಿನಲ್ಲಿ ಸುತ್ತಿ ಕಂಕುಳಿಗೆ ಸೇರಿಸಿಕೊಂಡಳು.

"ಮುಂದಿನ ತಿಂಗಳು ಬರ್ತೀನಿ, ಇನ್ನೂ ಮುಗಿದಿಲ್ಲ" ಎಂದು ಪೈಪಿಗೆ ಹೇಳಿ, ಬಸ್ಸಿಗೆ ಕೈ ಅಡ್ಡ ಮಾಡಿದಳು.